ಇದ್ದೀನಿ, ಎಲ್ಲ ಸರಿ

“ಕಂಟ್ರೋಲ್ ರೂಮ್, ಕಂಟ್ರೋಲ್ ರೂಮ್. ಗೇಟ್‌ಮನೆ ಮಾತಾಡ್ತಿದೀನಿ. ನೀರು ಕೆಂಪು ಗೆರೆಗೆ ಇನ್ನೊಂದು ಗೇಣಿದೆ. ನಿಮ್ಮದು ಏನೂ ಕೇಳಿಸ್ತಿಲ್ಲ. ಯಾರಾದ್ರೂ ಇದೀರಾ?”

“ಇದೀವಿ ಅಕ್ಕಾ, ಇದೀವಿ!” ಪತ್ತೇದಾರ ಮೈಕಿನೊಳಗೆ ತಲೆಯನ್ನೇ ತೂರಿಸೋ ಹಾಗೆ ಬಗ್ಗಿ ಕಿರುಚಿದ. “ಗೇಟ್ ತೆಗೀಬೇಡ! ಕೆಳಗೆ ಮೈದಾನದಲ್ಲಿ ಜನ ಇದಾರೆ! ನಿನ್ನ ಗುಬ್ಬಿ ಇದಾಳೆ!”

ಸ್ಪೀಕರ್ ಗೊರಗೊರ ಅಂತು. ಆಮೇಲೆ ಅದೇ ದನಿ, ಅದೇ ರಾಗ.

“ಏನೂ ಕೇಳಿಸ್ತಿಲ್ಲ. ಗೆರೆ ಮುಟ್ಟಿದ ತಕ್ಷಣ ಯೋಜನೆ ಪ್ರಕಾರ ಗೇಟ್ ತೆಗೀತೀನಿ.”

ಪತ್ತೇದಾರ ಮೈಕನ್ನ ಮೇಜಿನ ಮೇಲೆ ಇಟ್ಟ.

ಊರಿಗೆಲ್ಲ ಅವನು ‘ಕಿವಿ’. ಹೆರಿಗೆಯಲ್ಲಿ ಮಗೂಗಿಂತ ಮೊದಲು ಕಿವಿ ಹೊರಗೆ ಬಂತು ಅಂತ ಅಕ್ಕ ಹೇಳ್ತಿದ್ದ ಜೋಕೇ ಹೆಸರಾಗಿ ನಿಂತುಬಿಟ್ಟಿತ್ತು. ಗೋಡೆ ಆಚೆ ಸೂಜಿ ಬಿದ್ರೆ ಅದರಲ್ಲಿ ದಾರ ಇತ್ತೋ ಇಲ್ವೋ ಹೇಳೋ ಮನುಷ್ಯ. ಆ ಕಿವಿಯಿಂದಲೇ ಅವನ ಹೊಟ್ಟೆ ತುಂಬ್ತಿತ್ತು. ಇವತ್ತು ಅದೇ ಕಿವಿಗೆ ಮೇಲಿನ ಕೆರೆಯ ಗೇಟ್ ಕಾಯೋ ಒಡಹುಟ್ಟಿದ ಅಕ್ಕನ ಮಾತು ಸ್ಪಷ್ಟವಾಗಿ ಕೇಳಿಸ್ತಿದೆ, ಇವನ ಮಾತು ಅವಳಿಗೆ ಒಂದಕ್ಷರ ತಲುಪ್ತಿಲ್ಲ.

ತುರ್ತು ಹೊತ್ತಿಗೆ ಅಂತ ಇಟ್ಟ ವೈರ್‌ಲೆಸ್ ಸೆಟ್ಟುಗಳ ಒಳಗಿನ ಸಾಮಾನನ್ನ ಯಾರೋ ಕದೀತಿದಾರೆ, ಕದ್ದ ಮಾಲು ಮೇಲಿನ ಕೆರೆಯಿಂದ ಇಳಿಯೋ ಒಣಗಾಲುವೆಯಲ್ಲೆಲ್ಲೋ ಇದೆ, ಇಷ್ಟು ನಿನ್ನೆವರೆಗೆ ಅವನು ಪತ್ತೆ ಮಾಡಿದ್ದ. ಇವತ್ತು ಹೋಗಿ ಹುಡುಕೋದಿತ್ತು. ಅಷ್ಟರಲ್ಲಿ ಗುಡ್ಡ ಜಾರಿ ಕೆರೆಯ ರಸ್ತೆ ಮುಚ್ಚಿತು. ಫೋನ್ ಕಂಬ ಮಲಗಿತು. ಹೊಳೆ ಏರಿ ಸೇತುವೆ ಮುಳುಗಿತು. ಊರಿನಲ್ಲಿ ಉಳಿದ ಒಂದೇ ಬಾಯಿ ಅಂದ್ರೆ ಈ ಕಂಟ್ರೋಲ್ ರೂಮಿನ ವೈರ್‌ಲೆಸ್ಸು.

“ನಮ್ಮ ಮೈಕೇ ಕೆಟ್ಟಿರಬೇಕು ಕಣ್ರೀ,” ಅಂದ್ರು ಚೇರ್ಮನ್‌ರು. ತುರ್ತು ಸಂಪರ್ಕ ಸಮಿತಿಯ ಚೇರ್ಮನ್‌ರು ಅವರು. ಪ್ಯಾಂಟ್ ಮೊಣಕಾಲ ತನಕ ಮಡಚಿದ್ರೂ ಎದೆ ಮೇಲಿನ ಬ್ಯಾಡ್ಜ್ ಮಾತ್ರ ನೆಟ್ಟಗಿತ್ತು.

ಕಿವಿ ಗುಂಡಿ ಒತ್ತಿ ಕೇಳಿದ. “ಪಂಪ್‌ಹೌಸ್, ನಮ್ಮ ಮಾತು ಕೇಳಿಸ್ತಿದೆಯಾ?”

“ದೇವಸ್ಥಾನದ ಗಂಟೆ ಹೊಡೆದ ಹಾಗೆ ಕೇಳಿಸ್ತಿದೆ ಸರ್,” ಅಂತು ಪಂಪ್‌ಹೌಸು. “ಸ್ವಲ್ಪ ಮೆಲ್ಲಗೆ ಕಿರುಚಿ.”

ಮೈಕ್ ಸರಿಯಾಗೇ ಇತ್ತು. ಕಿವುಡಾಗಿದ್ದು ಗೇಟ್‌ಮನೆಯ ಸೆಟ್ಟು. ಪಂಪ್‌ಹೌಸಿನಿಂದ ಯಾರನ್ನಾದ್ರೂ ಮೈದಾನಕ್ಕೆ ಓಡಿಸೋಣ ಅಂದ್ರೆ ಪಂಪ್‌ಹೌಸೂ ಹೊಳೆಯ ಈ ದಡದಲ್ಲೇ. ಮೈದಾನ ಆ ದಡ.

“ಮೈದಾನದಲ್ಲಿ ಒಂದು ಸೆಟ್ ಇರಬೇಕಲ್ವಾ ಸರ್? ಯೋಜನೆಯಲ್ಲಿ ಹಾಗೇ ಇದೆಯಲ್ಲ?”

ಚೇರ್ಮನ್‌ರು ಮೂಲೆಯ ಕಬ್ಬಿಣದ ಬೀರು ಕಡೆ ನೋಡಿದ್ರು. ನೋಡಿ ನೆಲ ನೋಡಿದ್ರು.

“ಕಳ್ಳತನ ಆಗ್ತಿತ್ತಲ್ರೀ... ಜೋಪಾನವಾಗಿರ್ಲಿ ಅಂತ ಇಲ್ಲೇ ಇಟ್ಟು ಬೀಗ ಹಾಕಿಸಿದೀನಿ.”

“ಅಂದ್ರೆ ಮೈದಾನದವರು ಮಾತಾಡಬೇಕಾದ್ರೆ ಮೊದಲು ಈ ಬೀರುವಿಗೆ ಬರಬೇಕು.”

“ವ್ಯಂಗ್ಯ ಮಾಡಬೇಡಿ. ಆ ಬೀಗ ಎಂಥದ್ದು ಗೊತ್ತಾ? ಒಡೆಯೋಕಾಗಲ್ಲ.”

ಬೀಗದ ಬಗ್ಗೆ ಅವರು ಬೀಗಿದ್ದು ಅದೇ ಕೊನೆ.

ಗೋಡೆ ಮೇಲೆ ಯೋಜನೆ ನೇತಾಡ್ತಿತ್ತು. ಬಣ್ಣಬಣ್ಣದ ಬಾಣಗಳು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಪಕ್ಕದಲ್ಲೇ ‘ಅತ್ಯುತ್ತಮ ಯೋಜನೆ’ ಅಂತ ಬಂದ ಫಲಕ. ಬೆಳಿಗ್ಗೆ ಚೇರ್ಮನ್‌ರು ಹೆಮ್ಮೆಯಿಂದ ಹೇಳಿದ್ರು, “ಎಷ್ಟೇ ನೀರು ಬೀಳಲಿ, ನಮ್ಮ ಯೋಜನೆ ನೆನೆಯಲ್ಲ.” ನಿಜವೇ. ಯೋಜನೆ ನೆನೆಯಲ್ಲ, ಅದನ್ನ ನೆನೆಯೋರೂ ಇಲ್ಲ, ನೆನೆಯೋದು ಜನ ಮಾತ್ರ.

ಕಿವಿ ಅದನ್ನ ಮೊದಲ ಸಲ ಪೂರ್ತಿ ಓದಿದ್ದು ಈಗ. ಎಡಗಡೆ ಬರೆದದ್ದು ಜನರ ಉಪಸಮಿತಿ. ಸೈರನ್ ಕೂಗಿದ್ರೆ ಹೊಳೆದಂಡೆ ಬೀದಿಯವರೆಲ್ಲ ಮೈದಾನಕ್ಕೆ ಹೋಗಿ ನಿಲ್ಲಬೇಕು, ಹೇಳೋ ತನಕ ಕದಲಬಾರದು. ಬಲಗಡೆ ಬರೆದದ್ದು ನೀರಿನ ಉಪಸಮಿತಿ. ಕೆರೆ ನೀರು ಕೆಂಪು ಗೆರೆ ಮುಟ್ಟಿ, ಕಂಟ್ರೋಲ್ ರೂಮಿನಿಂದ ಮಾತು ಬರದೇ ಹೋದ್ರೆ ಗೇಟ್‌ಮನೆಯವರು ತಾವಾಗೇ ಗೇಟ್ ತೆಗೆದು ನೀರನ್ನ ಒಣಗಾಲುವೆಗೆ ಬಿಡಬೇಕು.

ಒಣಗಾಲುವೆ ಮುಗಿಯೋದು ಮೈದಾನದಲ್ಲಿ.

“ಇದು ಯಾರ ಕಣ್ಣಿಗೂ ಬೀಳಲಿಲ್ವಾ ಸರ್?”

“ಎರಡೂ ಉಪಸಮಿತಿ ಬೇರೆ ಬೇರೆ ದಿನ ಸಭೆ ಸೇರಿದ್ದು. ಆ ಇಬ್ಬರು ಮುಖಂಡರಿಗೂ ಒಂದು ಕುರ್ಚಿ ವಿಷಯಕ್ಕೆ ಮಾತಿಲ್ಲ.”

ಸಂಪರ್ಕ ಸಮಿತಿಯಲ್ಲಿ ಇಲ್ಲದ್ದು ಒಂದೇ, ಸಂಪರ್ಕ.

ಬೆಳಿಗ್ಗೆ ಸೈರನ್ ಕೂಗಿದಾಗ ಹೊಳೆದಂಡೆ ಬೀದಿ ಖಾಲಿಯಾಗಿತ್ತು. ಶಾಲೆಯವರು ಮಕ್ಕಳನ್ನ ಸಾಲಾಗಿ ಕರ್ಕೊಂಡು ಹೋಗಿದ್ರು. ಅಕ್ಕನ ಮಗಳು ಗುಬ್ಬಿ ಆ ಸಾಲಿನಲ್ಲಿದ್ಲು. ಅವರು ದಾಟಿದ ಮೇಲೆ ಸೇತುವೆ ಮುಳುಗಿತು. ಯೋಜನೆಯಲ್ಲಿ ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದ ತಪ್ಪಿಗೆ ಅವರೆಲ್ಲ ಈಗ ನೀರಿನ ದಾರಿಗೆ ಅಡ್ಡ ನಿಂತಿದ್ರು.

“ಇನ್ನೊಂದು ಸಲ ಸೈರನ್ ಕೂಗಿಸೋಣ!” ಚೇರ್ಮನ್‌ರು ಗುಂಡಿ ಕಡೆ ಧಾವಿಸಿದ್ರು.

ಕಿವಿ ಅವರ ಕೈ ಹಿಡಿದ. “ಕೂಗಿಸಿದ್ರೆ ಜನಕ್ಕೆ ಏನು ಅರ್ಥ ಆಗುತ್ತೆ ಸರ್?”

“ಏನಂದ್ರೆ... ಮೈದಾನಕ್ಕೆ ಹೋಗಿ ಅಂತ.”

“ಹೂಂ. ಆ ಸೈರನ್‌ಗೆ ಗೊತ್ತಿರೋದು ಅದೊಂದೇ ಮಾತು. ಆ ದಡದಲ್ಲಿ ಅಲ್ಲಿ ಇಲ್ಲಿ ನಿಂತು ಬದುಕಿಕೊಂಡಿರೋರೂ ಮೈದಾನಕ್ಕೇ ಬರ್ತಾರೆ.”

ಚೇರ್ಮನ್‌ರ ಕೈ ಜೋತು ಬಿತ್ತು.

ಕಿವಿ ಕಿಟಕಿಗೆ ಹೋದ. ಹೊಳೆ ಆಚೆ, ಮಸುಕು ಬೆಳಕಲ್ಲಿ, ಮೈದಾನದ ತುಂಬ ಜನ ಇರುವೆ ಚೆಲ್ಲಿದ ಹಾಗೆ ಕಾಣ್ತಿದ್ರು. ಅವನು ಮೇಜಿನ ಬಟ್ಟೆ ಎಳೆದು ಕಿಟಕಿಯಾಚೆ ಬೀಸಿದ. ಹೋಗಿ, ಹೋಗಿ, ಎತ್ತರಕ್ಕೆ ಹತ್ತಿ ಅಂತ ತೋಳು ಬೀಳೋ ತನಕ ಬೀಸಿದ.

ಆಚೆ ದಡದಲ್ಲಿ ಒಂದು ಕೈ ಮೇಲೆದ್ದಿತು. ಆಮೇಲೆ ಹತ್ತು. ಆಮೇಲೆ ಮೈದಾನಕ್ಕೆ ಮೈದಾನವೇ ಖುಷಿಯಾಗಿ ಇವನಿಗೆ ಕೈ ಬೀಸ್ತು.

ಅವನು ಬಟ್ಟೆ ಕೆಳಗಿಳಿಸಿದ.

“ಕಂಟ್ರೋಲ್ ರೂಮ್. ಗೇಟ್‌ಮನೆ. ಗೆರೆಗೆ ಇನ್ನು ಆರು ಬೆರಳು. ಏನೂ ಕೇಳಿಸ್ತಿಲ್ಲ.”

“ಗೆರೆ ದಾಟಿದ್ರೆ ಕೆರೆ ಒಡೆಯುತ್ತಾ ಸರ್?”

“ಎಲ್ಲಿ ಒಡೆಯುತ್ತೆ! ಗೆರೆ ಮೇಲೆ ಇನ್ನೂ ಒಂದಾಳೆತ್ತರ ಜಾಗ ಇದೆ. ಜಾಗ್ರತೆಗೆ ಅಂತ ಎಳೆದ ಗೆರೆ ಅದು. ‘ತೆಗೀಬೇಡ’ ಅಂತ ಒಂದು ಮಾತು ನಾವು ಹೇಳಿದ್ರೆ ಸಾಕು.”

ಒಂದು ಮಾತು! ಅದೊಂದು ಮಾತು ಬಿಟ್ಟು ಇನ್ನೆಲ್ಲ ಮಾತೂ ಆ ಕೋಣೆಯಲ್ಲಿ ಆಗ್ತಿತ್ತು.

“ಟೇಪಣ್ಣ ಇದ್ದಿದ್ರೆ ಏನಾದ್ರೂ ದಾರಿ ಹುಡುಕ್ತಿದ್ದ,” ಚೇರ್ಮನ್‌ರು ಗೊಣಗಿದ್ರು. “ನಾನೇ ನಿನ್ನೆಯಿಂದ ರಜೆ ಕೊಟ್ಟು ಕಳಿಸಿದೆ. ಅತ್ತೆ ಮನೆಗೆ ಹೋಗ್ತೀನಿ ಅಂದ.”

ಟೇಪಣ್ಣ ಅಂದ್ರೆ ಸಮಿತಿಯ ರೇಡಿಯೋ ಮೆಕ್ಯಾನಿಕ್. ಸೊಂಟದಲ್ಲಿ ಸದಾ ಒಂದು ಉಕ್ಕಿನ ಅಳತೆ ಟೇಪು. ಮಾತಾಡ್ತಾ ಮಾತಾಡ್ತಾ ಅದನ್ನ ಸರ್ರ್ ಅಂತ ಎಳೆದು ಟಕ್ ಅಂತ ಬಿಡೋದು ಅವನ ಚಟ. ಹೆಣ್ಣು ನೋಡೋಕೆ ಹೋದಾಗಲೂ ಹಾಗೆ ಎಳೆದು ಬಿಟ್ಟನಂತೆ. ನಮ್ಮ ಹುಡುಗಿ ಅಳತೆಗೆ ಸರಿ ಇದಾಳಾ ಅಂತ ಹುಡುಗಿಯ ಅಜ್ಜಿ ಕೇಳಿದ್ರಂತೆ. ಊರಿಗೆಲ್ಲ ಅದೊಂದು ನಗು.

ಈಗ ಯಾರೂ ನಗಲಿಲ್ಲ.

ಆಗಲೇ ಕಿವಿಗೆ ಒಂದು ವಿಷಯ ಹೊಳೀತು. ಇಷ್ಟು ಹೊತ್ತು ಈ ಕೋಣೆಯಲ್ಲಿ ಮೈಕ್ ಹಿಡಿದು ಕಿರುಚಿದ್ದು ಇಬ್ಬರು. ಒಬ್ಬ ತಾನು, ಇನ್ನೊಬ್ಬರು ಚೇರ್ಮನ್‌ರು. ಮೈಕ್ ಯಾರ ಕೆಲಸವೋ ಆ ಮನುಷ್ಯ ಮಾತ್ರ ಸ್ಟೂಲಿನ ಮೇಲೆ ಕೂತು ಕೈಗಳನ್ನ ತೊಡೆ ಮಧ್ಯೆ ಸಿಕ್ಕಿಸಿಕೊಂಡು ನೆಲ ನೋಡ್ತಿದ್ದ.

ಅವನ ಭಾವ. ಅಕ್ಕನ ಗಂಡ. ಈ ಕಂಟ್ರೋಲ್ ರೂಮಿನ ವೈರ್‌ಲೆಸ್ ಆಪರೇಟರ್.

ಕಿವಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಭಾವ.”

“ಹೂಂ.”

“ಅಲ್ಲಿರೋದು ನಿಮ್ಮ ಹೆಂಡತಿ. ಕೆಳಗಿರೋದು ನಿಮ್ಮ ಮಗಳು. ಸೈರನ್ ಕೂಗಿದಾಗಿಂದ ನೀವು ಒಂದೇ ಒಂದು ಸಲ ಅಕ್ಕನನ್ನ ಕರೀಲಿಲ್ಲ. ಯಾಕೆ?”

ಭಾವ ಕೈಗಳನ್ನ ತೊಡೆ ಮಧ್ಯೆ ಇನ್ನಷ್ಟು ಒಳಗೆ ತಳ್ಳಿದ.

“ಮನೇಲಿ ಚಹಾ ಬೇಕಾದ್ರೆ ಬೀದಿಗೆಲ್ಲ ಕೇಳಿಸೋ ಹಾಗೆ ಕೂಗೋರು ನೀವು. ಇವತ್ತು ಬಾಯಿಗೇನಾಯ್ತು?”

“ಕರೆದು ಏನು ಮಾಡ್ಲಿ ಕಿವಿ?” ಭಾವನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. “ಅವಳಿಗೆ ಕೇಳಿಸಲ್ಲ.”

“ಅದು ನಮಗೂ ಗೊತ್ತಾಯ್ತು.”

“ನಿಮಗೆ ಇವತ್ತು ಗೊತ್ತಾಯ್ತು. ನನಗೆ ಹೋದ ಬೇಸಿಗೆಯಿಂದ ಗೊತ್ತು.”

ಚೇರ್ಮನ್‌ರು ಥಟ್ಟನೆ ತಿರುಗಿದ್ರು. “ಏನಂದ್ರಿ? ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೀವೇ ಹಾಜರಿ ಕರೀತೀರಿ. ನೀವು ‘ಗೇಟ್‌ಮನೆ’ ಅಂದ ತಕ್ಷಣ ಆಯಮ್ಮ ‘ಇದ್ದೀನಿ, ಎಲ್ಲ ಸರಿ’ ಅಂತಾರೆ. ನಾನೇ ಎಷ್ಟು ಸಲ ಕೇಳಿದೀನಿ! ಕೇಳಿಸದೇ ಉತ್ತರ ಹೇಗೆ ಕೊಡ್ತಾರೆ?”

“ಗಡಿಯಾರ ನೋಡ್ಕೊಂಡು ಸರ್.”

ಚೇರ್ಮನ್‌ರು ಗೋಡೆಯ ಗಡಿಯಾರ ನೋಡಿದ್ರು.

“ಗೇಟ್‌ಮನೆ ಗೋಡೇಲಿ ಒಂದು ಹಳೇ ಲೋಲಕದ ಗಡಿಯಾರ ಇದೆ,” ಭಾವ ಹೇಳ್ತಾ ಹೋದ. “ಅದಕ್ಕೂ ಇಲ್ಲಿನ ಗಡಿಯಾರಕ್ಕೂ ಹೊತ್ತು ಸರಿ ಮಾಡಿಟ್ಟಿದೀವಿ. ಹಾಜರಿಯಲ್ಲಿ ಗೇಟ್‌ಮನೆ ಹೆಸರನ್ನ ನಾನೇ ಮೊದಲಿಗೆ ತಂದೆ. ಇಲ್ಲಿ ಹತ್ತು ಹೊಡೆದು ನಿಂತ ತಕ್ಷಣ ನಾನು ‘ಗೇಟ್‌ಮನೆ’ ಅಂತೀನಿ. ಅಲ್ಲಿ ಹತ್ತು ಹೊಡೆದು ನಿಂತ ಮೇಲೆ ಅವಳು ಒಂದು ಉಸಿರು ಬಿಟ್ಟು ‘ಇದ್ದೀನಿ’ ಅಂತಾಳೆ. ಅವಳ ಸೆಟ್ಟಿಗೆ ಬಾಯಿ ಇದೆ, ಕಿವಿ ಸತ್ತಿದೆ.”

“ಹೇಳಬೇಕಿತ್ತಲ್ರೀ ನನಗೆ!”

“ಟೇಪಣ್ಣನಿಗೆ ಹೇಳಿದೆ ಸರ್. ‘ದೂರು ಬರೆದುಕೊಟ್ರೆ ಕೆಲಸ ಮಾಡದ ವೈರ್‌ಲೆಸ್ ಠಾಣೆ ಅಂತ ಗೇಟ್‌ಮನೆ ಮುಚ್ತಾರೆ, ನಿಮ್ಮ ಮನೆಯವರನ್ನ ಎಲ್ಲಿಗೋ ಎತ್ತಿ ಹಾಕ್ತಾರೆ, ಬಿಡಿ ಸುಮ್ನಿರಿ, ಸಾಮಾನು ಬಂದಾಗ ನಾನೇ ಹಾಕ್ತೀನಿ’ ಅಂದ. ಹೋದ ವರ್ಷ ಗುಡ್ಡದ ಠಾಣೆಗೆ ನೀವು ಮಾಡಿದ್ದೂ ಅದೇ ತಾನೆ? ಸೆಟ್ ಕೆಟ್ಟಿದೆ ಅಂತ ಬಾಯಿಬಿಟ್ಟದ್ದಕ್ಕೆ ಠಾಣೇನೇ ಎತ್ತಿಬಿಟ್ರಿ. ಫಲಕ ಬರೋ ವರ್ಷ ಅದು.”

ಚೇರ್ಮನ್‌ರು ಫಲಕದ ಕಡೆ ನೋಡಲಿಲ್ಲ. ನೋಡದೇ ಇರೋಕೆ ಅವರು ತುಂಬಾ ಕಷ್ಟ ಪಡ್ತಿದ್ರು.

“ಮಗು ಸಣ್ಣದು ಕಿವಿ. ಅವಳನ್ನ ಯಾವ ಊರಿಗೋ ಹಾಕಿದ್ರೆ ನಾನೊಬ್ಬನೇ ಏನು ಮಾಡ್ಲಿ ಅನ್ನಿಸ್ತು. ಹೇಗೂ ನಡೀತಿದೆಯಲ್ಲ, ಏನೂ ಆಗಲ್ಲ ಅಂದ್ಕೊಂಡ್ವಿ. ಹಾಜರಿಗೆ ಉತ್ತರ ಬಂದ್ರೆ ಸಾಕಿತ್ತು ಎಲ್ಲರಿಗೂ.” ಭಾವ ಮುಖ ಮುಚ್ಚಿಕೊಂಡ. “ಸೈರನ್ ಕೂಗಿದಾಗಿಂದ ಹೇಳಬೇಕು ಅಂತಿದೀನಿ. ನಾಲಿಗೆ ಏಳ್ಲಿಲ್ಲ.”

ಕಿವಿಗೆ ಬೈಬೇಕು ಅನ್ನಿಸ್ತು. ಬೈಗುಳ ಬಾಯಿ ತನಕ ಬಂತು. ಆದರೆ ತಂದೆಯೊಬ್ಬ ತನ್ನನ್ನ ತಾನೇ ಅಷ್ಟು ಬೈದುಕೊಳ್ತಿರೋವಾಗ ಮೇಲೊಂದು ಸೇರಿಸೋಕೆ ಜಾಗ ಎಲ್ಲಿದೆ?

“ಕಂಟ್ರೋಲ್ ರೂಮ್. ಗೇಟ್‌ಮನೆ. ಗೆರೆಗೆ ನಾಲ್ಕು ಬೆರಳು. ಏನೂ ಕೇಳಿಸ್ತಿಲ್ಲ, ಏನೂ ಕೇಳಿಸ್ತಿಲ್ಲ.”

ಕಿವಿ ತಲೆ ಎತ್ತಿದ.

ಬೆಳಿಗ್ಗೆಯಿಂದ ಅಕ್ಕನ ದನಿಯಲ್ಲಿ ಏನೋ ಒಂದು ಕಡಿಮೆ ಇದೆ ಅಂತ ಅವನಿಗೆ ಅನ್ನಿಸ್ತಾನೇ ಇತ್ತು. ಉಪ್ಪಿಲ್ಲದ ಊಟದ ಹಾಗೆ. ಏನು ಅಂತ ತಿಳೀದೆ ಒದ್ದಾಡ್ತಿದ್ದ. ಗಡಿಯಾರದ ಮಾತು ಬಂದ ಮೇಲೆ ತಿಳೀತು.

“ಭಾವ, ಆ ಗಡಿಯಾರ ಸದ್ದು ಮಾಡುತ್ತಾ?”

“ಸದ್ದಾ? ಸುತ್ತಿಗೆ ಏಟು! ಅವಳು ಮಾತಾಡಿದಾಗೆಲ್ಲ ಹಿಂದೆ ಟಿಕ್ಕು ಟಿಕ್ಕು ಅಂತ ಇರುತ್ತೆ. ಅವಳಿಗೂ ತಲೆ ಚಿಟ್ಟು ಹಿಡಿದುಹೋಗಿದೆ. ‘ಸೆಟ್ಟು ರಿಪೇರಿ ಆದ ದಿನ ಮೊದಲು ಇದರ ಲೋಲಕ ಹಿಡಿದು ನಿಲ್ಲಿಸ್ತೀನಿ’ ಅಂತ ದಿನಾ ಶಾಪ ಹಾಕ್ತಾಳೆ.”

“ಹೋದ ಸೋಮವಾರದ ಹಾಜರಿ ಹಾಕಿ.”

ಕಂಟ್ರೋಲ್ ರೂಮಲ್ಲಿ ಆಡಿದ್ದೆಲ್ಲ ತಾನಾಗೇ ರೆಕಾರ್ಡ್ ಆಗ್ತಿತ್ತು. ಭಾವ ಯಂತ್ರ ಹಿಂದಕ್ಕೆ ತಿರುಗಿಸಿದ. ಅಕ್ಕನ ದನಿ ಬಂತು. ‘ಇದ್ದೀನಿ, ಎಲ್ಲ ಸರಿ.’ ಅದರ ಬೆನ್ನಿಗೆ ಟಿಕ್ಕು, ಟಿಕ್ಕು, ಟಿಕ್ಕು.

“ಈಗ ಇವತ್ತಿಂದು.”

ಇವತ್ತೂ ಸೋಮವಾರವೇ. ಬೆಳಿಗ್ಗೆ, ಗುಡ್ಡ ಜಾರೋಕೆ ಮುಂಚೆ, ಹಾಜರಿ ಎಂದಿನಂತೆ ನಡೆದಿತ್ತು. ‘ಇದ್ದೀನಿ, ಎಲ್ಲ ಸರಿ.’ ಅಷ್ಟೇ. ಹಿಂದೆ ಏನೂ ಇಲ್ಲ. ಬರೀ ಗಾಳಿ.

“ಗಡಿಯಾರ ನಿಂತಿದೆ,” ಅಂದ ಕಿವಿ.

“ಕೀಲಿ ಕೊಡೋದು ಮರೆತಿರಬೇಕು,” ಅಂದ್ರು ಚೇರ್ಮನ್‌ರು.

“ಮರೆತಿದ್ರೆ ಹೊತ್ತು ಹೇಗೆ ಗೊತ್ತಾಯ್ತು ಸರ್? ಅದೂ ಹೋಗ್ಲಿ. ಇವತ್ತು ಹಾಜರಿ ಹತ್ತಕ್ಕೆ ಸರಿಯಾಗಿ ಶುರುವಾಯ್ತಾ?”

ಶುರುವಾಗಿರಲಿಲ್ಲ. ಹತ್ತು ಹೊಡೆದಾಗ ಮೈಕ್ ಚೇರ್ಮನ್‌ರ ಕೈಲಿತ್ತು. ‘ಎರಡೇ ಮಾತು’ ಅಂತ ಹಿಡಿದುಕೊಂಡವರು ಭಾಷಣಕ್ಕೆ ಇಳಿದಿದ್ರು. ಪಂಪ್‌ಹೌಸಿನವನು ಮಧ್ಯೆ ಆಕಳಿಸಿದ್ದೂ ರೆಕಾರ್ಡ್ ಆಗಿತ್ತು. ನಮ್ಮ ಪತ್ತೇದಾರರು ಕದ್ದ ಮಾಲಿನ ಜಾಡು ಹಿಡಿದಿದ್ದಾರೆ, ಅದು ಒಣಗಾಲುವೆಯಲ್ಲಿದೆ, ಇವತ್ತು ಸಂಜೆಯೊಳಗೆ ಹುಡುಕಿ ಕಳ್ಳನ ಹೆಸರು ಸಮೇತ ಹೇಳ್ತಾರೆ ಅಂತ ಅವರು ಎಲ್ಲ ಠಾಣೆಗೂ ಸಾರಿದ್ರು. ಪತ್ತೇದಾರ ಹಣೆ ಹಣೆ ಬಡಿದುಕೊಂಡಿದ್ದ. ಗುಟ್ಟನ್ನ ವೈರ್‌ಲೆಸ್ಸಲ್ಲಿ ಹೇಳೋದು ಅಂದ್ರೆ ಕಳ್ಳನ ಮನೆಗೆ ಡಂಗುರ ಕಳಿಸಿದ ಹಾಗೆ.

ಭಾಷಣ ಮುಗಿದ ಮೇಲೆ ಭಾವ ‘ಗೇಟ್‌ಮನೆ’ ಅಂದಿದ್ದ. ತಕ್ಷಣ ‘ಇದ್ದೀನಿ, ಎಲ್ಲ ಸರಿ’ ಬಂದಿತ್ತು. ಹೆಸರು ಕರೆದ ಮೇಲೆಯೇ, ಎಂದಿನ ಹೊತ್ತು ಎಷ್ಟೋ ಕಳೆದ ಮೇಲೆ. ಭಾಷಣದ ಗಡಿಬಿಡಿಯಲ್ಲಿ ಭಾವನಿಗೂ ಅದು ಹೊಳೆದಿರಲಿಲ್ಲ.

ಭಾವ ಸ್ಟೂಲಿನಿಂದ ನಿಧಾನವಾಗಿ ಎದ್ದ. “ಅಂದ್ರೆ...”

“ಅಂದ್ರೆ ಅಕ್ಕ ಗಡಿಯಾರ ನೋಡಿ ಹೇಳಲಿಲ್ಲ ಭಾವ. ನಿಮ್ಮ ದನಿ ಕೇಳಿ ಹೇಳಿದ್ಲು. ಸೆಟ್ ರಿಪೇರಿ ಆಗಿದೆ. ಹರಕೆ ಹೊತ್ತ ಹಾಗೆ ಲೋಲಕ ನಿಲ್ಲಿಸಿದಾಳೆ.”

“ಹಾಗಾದ್ರೆ ಇಷ್ಟು ಹೊತ್ತು ನಾವು ಹೇಳಿದ್ದೆಲ್ಲ...”

“ಕೇಳಿಸಿದೆ. ಮೈದಾನ, ಜನ, ಗುಬ್ಬಿ. ಎಲ್ಲಾನೂ.”

ಅಕ್ಕನಿಗೆ ಕೇಳಿಸಲ್ಲ ಅನ್ನೋದು ಇಷ್ಟು ಹೊತ್ತಿನ ಸಂಕಟ. ಕೇಳಿಸುತ್ತೆ ಅನ್ನೋದು ಅದಕ್ಕಿಂತ ದೊಡ್ಡ ಸಂಕಟ ಆಯ್ತು.

“ಹಾಗಾದ್ರೆ ಆಯಮ್ಮನೇ ಕಳ್ಳಿ!” ಚೇರ್ಮನ್‌ರು ಬೆರಳೆತ್ತಿದ್ರು. “ಮಾಲು ಕಾಲುವೇಲಿದೆ. ನೀರು ಬಿಟ್ರೆ ಕೊಚ್ಚಿಕೊಂಡು ಹೊಳೆ ಸೇರುತ್ತೆ. ಕೇಳಿಸ್ತಿದ್ರೂ ಕೇಳಿಸ್ತಿಲ್ಲ ಅಂತ ನಾಟಕ...”

“ನಾಲಿಗೆ ಹಿಡೀರಿ ಸರ್!” ಭಾವ ಅವರ ಮೇಲೆ ಏರಿ ಹೋದ. “ಹೆತ್ತ ಮಗಳು ಕೆಳಗೆ ನಿಂತಿರೋವಾಗ?”

ಕಿವಿ ಇಬ್ಬರ ಮಧ್ಯೆ ನಿಂತ. ಒಂದೇ ಒಂದು ಕ್ಷಣ ಅವನ ತಲೆಯಲ್ಲೂ ಆ ಅನುಮಾನ ಸುಳಿದಿತ್ತು. ಅದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆ ಆಗಿತ್ತು.

“ಭಾವ, ಇದೊಂದು ಹೇಳಿ. ಸೆಟ್ಟು ಕಿವುಡಾಗಿದ್ದ ಇಷ್ಟು ತಿಂಗಳಲ್ಲಿ ಅಕ್ಕ ಯಾವತ್ತಾದ್ರೂ ರೇಡಿಯೋದಲ್ಲಿ ‘ಕೇಳಿಸ್ತಿಲ್ಲ’ ಅಂದಿದ್ದಾಳಾ?”

“ಇಲ್ಲ. ಯಾಕಂತಾಳೆ? ಅದನ್ನ ಮುಚ್ಚಿಡೋಕೇ ತಾನೆ ಇಷ್ಟೆಲ್ಲ ನಾಟಕ?”

“ಇವತ್ತು ಹೊತ್ತು ಹೊತ್ತಿಗೂ ಅದೇ ಮಾತು. ಯಾರೋ ಹೇಳಿಕೊಟ್ಟ ಪಾಠ ಒಪ್ಪಿಸಿದ ಹಾಗೆ. ‘ಮಾತು ಬರಲಿಲ್ಲ, ಯೋಜನೆ ಪ್ರಕಾರ ತೆಗೆದೆ’ ಅಂತ ನಾಳೆ ತೋರಿಸೋಕೆ ರೆಕಾರ್ಡ್ ಬೇಕು ಯಾರಿಗೋ. ಅದೂ ಅಕ್ಕನ ಬಾಯಲ್ಲಿ.”

“ಅಂದ್ರೆ ಅವಳ ಪಕ್ಕ...”

“ಶ್! ನಾವು ಮೈಕಲ್ಲಿ ಆಡಿದ್ದೆಲ್ಲ ಅವನಿಗೂ ಕೇಳಿಸುತ್ತೆ.”

ಹೊರಗೆ ಹೊಳೆ ಮೊರೀತಿತ್ತು. ಮೂವರೂ ಮೈಕನ್ನ ಹಾವು ನೋಡಿದ ಹಾಗೆ ನೋಡಿದ್ರು. ಬೆಳಿಗ್ಗೆಯಿಂದ ದಾರಿ ಇಲ್ಲ ಅಂತ ಅತ್ತಿದ್ರು. ದಾರಿ ಇತ್ತು. ಆ ದಾರಿಯಲ್ಲಿ ಏನು ಹೇಳಿದ್ರೂ ಅಕ್ಕನ ಕುತ್ತಿಗೆಗೇ ಬರ್ತಿತ್ತು.

“ಕಂಟ್ರೋಲ್ ರೂಮ್. ಗೇಟ್‌ಮನೆ.” ಅಕ್ಕನ ದನಿ ಒಣಗಿತ್ತು. “ಎರಡು ಬೆರಳು.”

ಈ ಸಲ ‘ಕೇಳಿಸ್ತಿಲ್ಲ’ ಬರಲಿಲ್ಲ.

ಕಿವಿ ಮೈಕ್ ಎತ್ತಿ ಭಾವನ ಕೈಲಿಟ್ಟ.

“ಹಾಜರಿ ಕರೀರಿ.”

“ಏನು?”

“ಪ್ರತಿ ಸೋಮವಾರ ಕರೆದ ಹಾಗೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಹೆಸರು ಕಿವಿಗೆ ಬಿದ್ರೆ ಬಾಯಿ ತಾನಾಗೇ ತೆರೆಯುತ್ತೆ. ಅಷ್ಟು ವರ್ಷದ ಅಭ್ಯಾಸ. ಪಕ್ಕದಲ್ಲಿ ಯಾರೇ ಇರಲಿ, ತಡೆಯೋ ಹೊತ್ತಿಗೆ ಅರ್ಧ ಮಾತು ಹೊರಗೆ ಬಂದಿರುತ್ತೆ.”

“ಅವಳಿಗೇನಾದ್ರೂ ಮಾಡಿಬಿಟ್ರೆ?”

ಕಿವಿ ಕಿಟಕಿ ಕಡೆ ಕೈ ತೋರಿಸಿದ. ಕಿಟಕಿಯಾಚೆ ಮೈದಾನದಲ್ಲಿ ಯಾರೋ ಇನ್ನೂ ಕೈ ಬೀಸ್ತಿದ್ರು.

ಭಾವ ಗಂಟಲು ಸರಿ ಮಾಡಿಕೊಂಡ. ಒಂದು ಸಲ ಆಗಲಿಲ್ಲ. ಎರಡನೇ ಸಲ ಆಪರೇಟರನ ದನಿ ಬಂತು, ಗಂಡನ ದನಿ ಒಳಗೇ ಉಳೀತು.

“ಹಾಜರಿ. ಗೇಟ್‌ಮನೆ.”

ಗೊರಗೊರ. ಗಾಳಿ. ಆಮೇಲೆ,

“ಇದ್ದೀನಿ.”

ಮೂವರೂ ಕಾದರು. ‘ಎಲ್ಲ ಸರಿ’ ಬರಲಿಲ್ಲ.

ಅರ್ಧ ಮಾತು ಬಾಯಿ ತಪ್ಪಿ ಬಂದದ್ದಲ್ಲ ಅಂತ ಕಿವಿಗೆ ಆ ಕ್ಷಣವೇ ಗೊತ್ತಾಯ್ತು. ಉಳಿದ ಅರ್ಧವನ್ನ ಅಕ್ಕ ಬೇಕಂತಲೇ ನುಂಗಿದ್ಲು. ಮಾತಾಡೋಕಾಗದೆ ಅವಳು ಮಾಡಿದ್ದು ಇನ್ನೊಂದಿತ್ತು, ಮೈಕಿನ ಗುಂಡಿ ಮೇಲಿನ ಬೆರಳು ಎತ್ತಿರಲಿಲ್ಲ. ಗೇಟ್‌ಮನೆ ಕೋಣೆ ಪೂರ್ತಿ ಈಗ ಸ್ಪೀಕರಿನೊಳಗೆ ತೆರೆದಿತ್ತು. ಅವಳ ಉಸಿರು. ನೀರಿನ ಸದ್ದು. ಯಾರದೋ ಒದ್ದೆ ಚಪ್ಪಲಿ.

ಕಿವಿ ಸ್ಪೀಕರಿಗೆ ಕಿವಿ ಹಚ್ಚಿದ.

ಸರ್ರ್... ಟಕ್.

“ಅವನು ರಜೆ ಮೇಲಿದಾನಲ್ರೀ,” ಅಂದ್ರು ಚೇರ್ಮನ್‌ರು. ದನಿ ಮಗುವಿನ ದನಿ ಆಗಿತ್ತು. “ಅತ್ತೆ ಮನೆಗೆ ಹೋಗ್ತೀನಿ ಅಂದ. ನಾನೇ ಕಳಿಸಿದ್ದು.”

ಸೆಟ್ ರಿಪೇರಿ ಮಾಡಿದ್ದು, ಅದರಲ್ಲೇ ಬೆಳಿಗ್ಗೆಯ ಭಾಷಣ ಕೇಳಿಸಿಕೊಂಡದ್ದು ಯಾರು ಅಂತ ಈಗ ಯಾರೂ ಕೇಳಬೇಕಿರಲಿಲ್ಲ. ಸ್ಪೀಕರಿನಲ್ಲಿ ಇನ್ನೊಂದು ಸದ್ದು ಶುರುವಾಗಿತ್ತು. ತುಕ್ಕು ಹಿಡಿದ ಕಬ್ಬಿಣ ಕಬ್ಬಿಣದ ಮೇಲೆ ನರಳೋ ಸದ್ದು. ಕಿರ್... ಕಿರ್...

“ಗೇಟಿನ ಚಕ್ರ,” ಭಾವ ಪಿಸುಗುಟ್ಟಿದ. “ಎರಡೂ ಕೈ ಹಾಕಿದ್ರೇನೇ ತಿರುಗೋದು ಅದು.”

ಅಕ್ಕನ ಒಂದು ಕೈ ಇನ್ನೂ ಗುಂಡಿ ಮೇಲೇ ಇತ್ತು.